ಬಾಗೂರಿನಲ್ಲಿ ಕೊಂಡ ಹಳೆಯ ಗಾಡಿ

...ಅಥವಾ ಆ ಹೊಸ ಬಣ್ಣವನ್ನು ಗಾಡಿ ನೋಡಲು ಹೋದ ದಿನ ನಾನು ಗಮನಿಸಿಯೇ ಇರಲಿಲ್ಲವೇನೋ. ಎಡಗಡೆಯ ಹಿಂಬಾಗಿಲ ಅಂಚಿನ ರಬ್ಬರ್ ಪಟ್ಟಿಯನ್ನು ಎಳೆದೆ, ಅದರಡಿಯ ಬಿಳಿ ಉಳಿದ ಬಿಳಿಗಿಂತ ಎಳೆಯದಾಗಿತ್ತು, ಬೆರಳಿಗೆ ತರಿತರಿ ಹತ್ತಿತು ಎಂದು ಈಗ ನೆನಪಾಗುತ್ತದೆ. ಆದರೆ ಈ ನೆನಪಿನಲ್ಲಿ ನನ್ನ ಬೆರಳು ನನಗೇ ದೂರದಿಂದ ಕಾಣುತ್ತದೆ. ಎಲ್ಲ ಗೊತ್ತಾದ ಮೇಲೆ ನಾನೇ ಅಲ್ಲಿ ಆ ಬಣ್ಣ ಬಳಿದಿರಬಹುದು.

ಅನುಮಾನವಿಲ್ಲದೆ ಹೇಳಬಹುದಾದದ್ದು ಒಂದೇ: ತುಕ್ಕು ಇರಲಿಲ್ಲ. ಹದಿನೈದು ವರ್ಷ ಸಮೀಪಿಸಿದ, ಎತ್ತರದ ದೊಡ್ಡ ಗಾಡಿ. ಬಾಗೂರಿನ ಒಂದು ಅಂಗಳದಲ್ಲಿ ಗೋಣಿಚೀಲ ಹಾಸಿ ಅಂಗಾತ ಮಲಗಿ ಅದರ ಹೊಟ್ಟೆಯಡಿಗೆ ಟಾರ್ಚು ಬಿಟ್ಟೆ. ತಗಡು ತಗಡಾಗಿಯೇ ಇತ್ತು. ಬೋಲ್ಟುಗಳ ಮೂಲೆಗಳು ಇನ್ನೂ ಮೂಲೆಗಳಾಗಿದ್ದವು. ಇದು ಎಂಥ ವಿಚಿತ್ರ ಎಂದು ಕುಂದಾಪುರದ ಮನೆಯಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಹೊಸ ಗಾಡಿಗೂ ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಡಿಯಲ್ಲಿ ಗುಳ್ಳೆ ಏಳುತ್ತದೆ. ಬೆರಳಿಟ್ಟರೆ ಬಿಸ್ಕತ್ತಿನ ಹಾಗೆ ಉದುರುತ್ತದೆ. ಹಳೆಯ ಗಾಡಿ ಕೊಳ್ಳುವುದೆಂದರೆ ಉಪ್ಪುಗಾಳಿ ತಿಂದು ಬಿಟ್ಟ ಕಬ್ಬಿಣ ಎಷ್ಟು ಎಂದು ನೋಡುವುದು. ಇಲ್ಲಿ ಏನೂ ತಿಂದಿರಲಿಲ್ಲ. ಮುದುಕನ ಮುಖದಲ್ಲಿ ಒಂದು ಗೆರೆಯೂ ಇಲ್ಲದಿದ್ದರೆ ಆಗುವಂಥ ದಿಗಿಲು ಮೊದಲು ಆಯಿತು. ಆಮೇಲೆ ಸಂತೋಷವಾಯಿತು. ಸಂತೋಷವಾದ ಮೇಲೆ ನಾನು ಸರಿಯಾಗಿ ನೋಡಲಿಲ್ಲ ಎಂದು ಕಾಣುತ್ತದೆ.

ನಾನು ಹೊಳಲ್ಕೆರೆಗೆ ಬಂದದ್ದು ತಮ್ಮನಿಗಾಗಿ. ಸುಧಾಕರ ಇಲ್ಲಿನ ಗುಡ್ಡಗಳ ಮೇಲಿನ ಗಾಳಿಯಂತ್ರಗಳಲ್ಲಿ ಕೆಲಸ ಮಾಡುತ್ತಿದ್ದ. ಆ ಬಿಳಿ ಕಂಬದ ಒಳಗೆ ತುದಿಯವರೆಗೆ ಒಂದು ಏಣಿ ಇರುತ್ತದೆ. ಅದನ್ನು ಹತ್ತಿ ಮೇಲಿನ ಯಂತ್ರ ನೋಡಿ ಇಳಿಯುವುದು ಅವನ ಕೆಲಸ. ಒಮ್ಮೆ ಇಳಿಯುವಾಗ ಬಿದ್ದ. ಸೊಂಟದ ಹತ್ತಿರ ಬೆನ್ನುಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಆಯಿತು, ಕಾಲು ಬರಲಿಲ್ಲ. ಚಿತ್ರದುರ್ಗದ ಒಬ್ಬ ಡಾಕ್ಟರು ನೋಡಿ, ನರ ಪೂರ್ತಿ ಕಡಿದಿಲ್ಲ, ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸಿದರೆ ಬರಬಹುದು ಎಂದರು. ಬರುತ್ತದೆ ಎನ್ನಲಿಲ್ಲ. ನಾನು ಕುಂದಾಪುರದ ಡ್ರೈವಿಂಗ್ ಶಾಲೆಯಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಸ್ವಲ್ಪ ದಿನ ರಜೆ ಎಂದು ಹೇಳಿ ಬಂದೆ. ಊರಿನಲ್ಲಿ ಒಂದು ಮಳೆಗಾಲ ನಾನಿಲ್ಲದೆ ಬಂದು ಹೋಯಿತು. ಆಮೇಲೆ ಇನ್ನೊಂದು.

ಅವನನ್ನು ಊರಿಗೇ ಕರೆದುಕೊಂಡು ಬರಬಹುದಿತ್ತಲ್ಲ ಎಂದು ನೀವು ಫೋನಿನಲ್ಲಿ ಕೇಳುತ್ತಲೇ ಇದ್ದೀರಿ. ಘಟ್ಟದ ತಿರುವುಗಳಲ್ಲಿ ಈಗಲೇ ಬೇಡ ಎಂದು ಡಾಕ್ಟರು ಹೇಳಿದರು. ಇದು ಪೂರ್ತಿ ಕಾರಣವೋ, ಅವನಿಗೆ ಹೀಗೆ ಊರಿಗೆ ಬರುವ ಮನಸ್ಸಿರಲಿಲ್ಲವೋ, ನಾನು ಬಿಡಿಸಿ ನೋಡಿಲ್ಲ.

ಮನೆ ಸಿಗುವುದು ಕಷ್ಟವಾಯಿತು. ಬಾಡಿಗೆಗೆ ಅರ್ಧ ಮನೆ ಕೊಟ್ಟ ಗಂಗಮ್ಮ ಮಠಕ್ಕೆ ನಡೆದುಕೊಳ್ಳುವವರು. ಬೀಗ ತೆಗೆಯುವ ಮೊದಲೇ ಕೇಳಿದರು.

"ಯಾವೂರ್ರಿ ನಿಮ್ದು?"

"ಕುಂದಾಪುರ."

"ಸಮುದ್ರದ ಕಡೆಯೋರು. ಮೀನು ತಿಂತೀರಿ."

"ಇಲ್ಲಿ ತಿನ್ನುವುದಿಲ್ಲ."

"ತಿಂದ್ರೆ ಗೊತ್ತಾಗ್ತೈತೆ ಕಣಮ್ಮ, ನಮ್ ಬೆಕ್ಕೇ ಹೇಳ್ತೈತೆ. ಗಂಡ?"

"ಇಲ್ಲ. ತಮ್ಮ ಇದ್ದಾನೆ. ಎದ್ದು ನಡೆಯುವುದಿಲ್ಲ."

ಅವರು ನನ್ನನ್ನು ಒಂದು ಕ್ಷಣ ನೋಡಿ ಬೀಗ ತೆಗೆದರು. "ಬರ್ರಿ ಒಳಾಕೆ. ಮೆಟ್ಲು ಇಲ್ದಿರೋ ಕಡೆ ನಿಮ್ದಾಗ್ಲಿ, ನಾವು ಆ ಕಡೆ ಇರ್ತೀವಿ" ಅಂದರು. ಕುಚ್ಚಲಕ್ಕಿ ಇಲ್ಲಿ ಸಿಗುವುದು ಅಪರೂಪ. ಮುದ್ದೆಯನ್ನು ಅಗಿಯದೆ ನುಂಗಬೇಕು ಎಂದು ಗಂಗಮ್ಮನೇ ಕಲಿಸಿದರು. ಸುಧಾಕರ ಮೊದಲೇ ಕಲಿತಿದ್ದ. ನಾನು ಇನ್ನೂ ಅಗಿಯುತ್ತೇನೆ.

ಅದಕ್ಕಿಂತ ಕಷ್ಟವಾದದ್ದು ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗಿ ಬರುವುದು. ಬಸ್ಸಿನಲ್ಲಿ ಅವನು ಕೂರುವಂತಿಲ್ಲ. ಆಟೋದಲ್ಲಿ ಒಮ್ಮೆ ಹೋದೆವು. ಹಂಪು ಬಂದಾಗಲೆಲ್ಲ ಅವನು ತುಟಿ ಕಚ್ಚುವುದನ್ನು ನೋಡಿ ಆಟೋದವನೇ ಬಾಡಿಗೆ ಬೇಡವೆಂದು ಅರ್ಧದಾರಿಯಲ್ಲಿ ನಿಲ್ಲಿಸಿದ. ಸಣ್ಣ ಕಾರುಗಳ ಸೀಟು ನೆಲಕ್ಕೆ ಹತ್ತಿರ. ಅವನನ್ನು ಮಡಚಿ ಇಳಿಸಬೇಕು, ಆದರೆ ಆ ಬೆನ್ನು ಮಡಚಬಾರದು. ಹಿಂದಿನ ಸೀಟು ಪೂರ್ತಿ ಮಲಗಿಸಿದರೆ ಚಾಪೆಯಷ್ಟು ಉದ್ದ ಜಾಗ ಬರುವಂಥ, ಹಿಂಬಾಗಿಲು ಅಗಲವಾಗಿ ತೆರೆಯುವಂಥ ಗಾಡಿ ಬೇಕಿತ್ತು. ಹೊಸತು ನಮ್ಮ ಕೈಗೆ ಎಟುಕುವುದಲ್ಲ. ಹಳೆಯದೇ ಬೇಕು, ಆದರೆ ದಾರಿಯಲ್ಲಿ ಕೈಕೊಡುವಂಥದ್ದು ಬೇಡ.

ಇಲಿಯಾಸ್ ಭಾಯಿ ಸಿಕ್ಕಿದ್ದು ಹಾಗೆ. ಚಿತ್ರದುರ್ಗದಲ್ಲಿ ಅವರದು ಗ್ಯಾರೇಜು, ತಲೆಮಾರುಗಳಿಂದ ಅಲ್ಲಿಯವರು. "ನಮ್ ಮುತ್ತಾತ ಕುದುರೆಗೆ ಲಾಳ ಹೊಡೀತಿದ್ರು ಅಕ್ಕಾ, ನಾನು ಜೀಪಿಗೆ ಹೊಡೀತೀನಿ. ಎರಡೂ ಒದೀತಾವೆ" ಅನ್ನುತ್ತಿದ್ದರು. ಗಾಡಿ ಮಾರುವವರನ್ನೂ ಕೊಳ್ಳುವವರನ್ನೂ ಜೋಡಿಸಿ ಇಬ್ಬರಿಂದಲೂ ಸ್ವಲ್ಪ ತೆಗೆದುಕೊಳ್ಳುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಮೊದಲು ನಾವು ನೋಡಿದ್ದು ಹಿರಿಯೂರಿನಲ್ಲಿ, ಹೆದ್ದಾರಿ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿದ್ದ ಗಾಡಿಗಳನ್ನು. ಎಲ್ಲವಕ್ಕೂ ಕರಿ ಪಾಲಿಶು ಹಾಕಿದ ಟೈರು, ಎಲ್ಲವೂ ಆಗಲೇ ಬಿಸಿ. ಬಿಸಿ ಎಂಜಿನ್ನು ಎಂದರೆ ನಾವು ಬರುವ ಮೊದಲೇ ಚಾಲೂ ಮಾಡಿ ಇಟ್ಟಿದ್ದಾರೆ ಎಂದು ಅರ್ಥ. ತಣ್ಣಗಿದ್ದಾಗ ಅದು ಎಷ್ಟು ಕೆಮ್ಮುತ್ತದೆ, ಯಾವ ಬಣ್ಣದ ಹೊಗೆ ಬಿಡುತ್ತದೆ ಎಂದು ನೋಡಲು ಬಿಡುವುದಿಲ್ಲ. ನೀಲಿ ಹೊಗೆ ಬಂದರೆ ಒಳಗೆ ಆಯಿಲ್ ಸುಡುತ್ತಿದೆ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿರದಿದ್ದದ್ದು ದೂಳು. ಇಲಿಯಾಸ್ ಭಾಯಿ ಗಾಳಿ ಸೋಸುವ ಡಬ್ಬಿ ಬಿಚ್ಚಿ ಒಳಗೆ ಬೆರಳಾಡಿಸಿ ಕೆಂಪು ಹಿಟ್ಟು ತೋರಿಸಿದರು. "ನಿಮ್ ಕಡೆ ಗಾಡಿ ಹೊರಗಿಂದ ಸಾಯ್ತಾವೆ, ನಮ್ ಕಡೆ ಒಳಗಿಂದ" ಅಂದರು.

ಊರಿನಲ್ಲಿ ಯಾರಾದರೂ ಇಂಥ ಗಾಡಿ ಕೊಳ್ಳುವುದಿದ್ದರೆ ಎಂದು ಉಳಿದದ್ದನ್ನೂ ಬರೆಯುತ್ತೇನೆ. ಹೊಳಪಿನ ಹಿಂದೆ ಹೋಗಬೇಡಿ. ಸಣ್ಣ ಪೇಟೆಯ ಮೆಕ್ಯಾನಿಕ್ಕಿಗೂ ಬಿಚ್ಚಲು ಬರುವ, ಬಿಡಿಭಾಗ ಎಲ್ಲೆಡೆ ಸಿಗುವ ಮಾದರಿ ತೆಗೆದುಕೊಳ್ಳಿ. ಸಾಲದ ಮೇಲಿನ ಗಾಡಿಯಾದರೆ ಸಾಲ ತೀರಿದೆಯೆಂಬ ಬ್ಯಾಂಕಿನ ಕಾಗದವಿಲ್ಲದೆ ಮಾತಾಡಬೇಡಿ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಟಿಓದಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕು, ಅದರ ಖರ್ಚು ಮೊದಲೇ ಯೋಚಿಸಿ. ಕೈಯಲ್ಲಿರುವುದನ್ನೆಲ್ಲ ಗಾಡಿಗೇ ಸುರಿಯದೆ ಒಂದು ಪಾಲು ರಿಪೇರಿಗೆಂದು ಎತ್ತಿಡಿ. ಇದನ್ನೆಲ್ಲ ನಾನು ಮಾಡಿದೆ. ಮಾಡಿಯೂ ಆದದ್ದು ಆಯಿತು, ಆದ್ದರಿಂದ ಇದನ್ನು ಬುದ್ಧಿಮಾತು ಎಂದುಕೊಳ್ಳಬೇಡಿ.

ಬಾಗೂರಿನ ಗಾಡಿ ತಣ್ಣಗಿತ್ತು. ಮೊದಲ ಸಲಕ್ಕೇ ಚಾಲೂ ಆಯಿತು. ಮಾಲೀಕರು ರುದ್ರಪ್ಪ, ತೆಂಗಿನಕಾಯಿ ವ್ಯಾಪಾರ, ವಯಸ್ಸಾದವರು. ಒಬ್ಬರದೇ ಹೆಸರಿನಲ್ಲಿ ಓಡಿದ ಗಾಡಿ, ಕಾಗದ ಶುದ್ಧ. ಬೆಲೆ ಹಿರಿಯೂರಿನವರು ಹೇಳಿದ್ದಕ್ಕಿಂತ ಸಾಕಷ್ಟು ಕಡಿಮೆ. ಯಾಕೆ ಮಾರುತ್ತೀರಿ ಎಂದು ಕೇಳಬೇಕು ಎಂದುಕೊಂಡಿದ್ದೆ. ಗಾಡಿಯಡಿಯಿಂದ ಎದ್ದು ಸೀರೆಯ ದೂಳು ಕೊಡವಿಕೊಳ್ಳುತ್ತಿದ್ದಾಗ ರುದ್ರಪ್ಪನವರ ಹೆಂಡತಿ ಎಲೆ ಅಡಿಕೆಯ ತಟ್ಟೆ ಹಿಡಿದು ಜಗುಲಿಗೆ ಬಂದರು.

ನಮ್ಮಲ್ಲಿ ಮನೆಗೆ ಬಂದವರ ಮುಂದೆ ಮೊದಲು ಬೆಲ್ಲ ನೀರು ಇಡುತ್ತಾರೆ. ಬಾಯಾರಿಕೆ ಇರಲಿ ಇಲ್ಲದಿರಲಿ ಒಂದು ಚೂರು ಬೆಲ್ಲ ಬಾಯಿಗೆ ಹಾಕಬೇಕು. ಕೈ ಚಾಚದಿದ್ದರೆ ಆ ಮನೆಯವರನ್ನು ದೂರ ಇಟ್ಟಂತೆ. ಅದೇ ಕೈ ತಾನಾಗಿ ಮುಂದೆ ಹೋಯಿತು. ಎರಡು ಎಲೆ, ಒಂದು ಅಡಿಕೆ ತೆಗೆದುಕೊಂಡು ಕಣ್ಣಿಗೊತ್ತಿಕೊಂಡೆ.

ಬಾನೆಟ್ಟಿನಿಂದ ಇಲಿಯಾಸ್ ಭಾಯಿ ತಲೆ ಎತ್ತಿ "ಅಕ್ಕಾ" ಅಂದರು. ಅಥವಾ ಅಂದದ್ದು ಸ್ಪ್ಯಾನರು ಕೇಳಲಿಕ್ಕೆ. ಆ ಹೆಂಗಸು ತಟ್ಟೆಯನ್ನು ಅರೆಕ್ಷಣ ಹಿಂದಕ್ಕೆ ಎಳೆದುಕೊಂಡ ಹಾಗೂ ಒಂದು ನೆನಪಿದೆ. ಅದನ್ನು ನಾನು ನಂಬುವುದಿಲ್ಲ. ರುದ್ರಪ್ಪನವರು ಮಾತ್ರ ದೊಡ್ಡ ಉಸಿರು ಬಿಟ್ಟು, "ಒಳ್ಳೇದಾತು ಬಿಡ್ರಿ. ಹೆಣ್ಮಗಳ ಕೈಗೆ ಹೋಗ್ತೈತೆ" ಅಂದರು. ಮುಂಗಡ ಕೊಟ್ಟೆವು. ಯಾಕೆ ಮಾರುತ್ತೀರಿ ಎಂದು ನಾನು ಕೇಳಲಿಲ್ಲ; ಇಷ್ಟು ಒಳ್ಳೆಯ ಜನರ ಹತ್ತಿರ ಅನುಮಾನ ತೋರಿಸುವುದು ಹೇಗೆ ಎನಿಸಿತು.

ಆಮೇಲಿನ ತಿಂಗಳುಗಳನ್ನು ಸಂತೋಷದವು ಎಂದು ಬರೆಯಲು ಕೈ ಹೋಗುತ್ತದೆ. ಹಿಂದೆ ಹಾಸಿಗೆ ಹಾಕಿ, ಎರಡೂ ಬದಿಗೆ ದಿಂಬು ಕೊಟ್ಟು, ಅವನ ಎದೆಗೂ ತೊಡೆಗೂ ಬೆಲ್ಟು ಬಿಗಿದು, ಹೊಳಲ್ಕೆರೆಯಿಂದ ದುರ್ಗಕ್ಕೆ ನಾನೇ ಓಡಿಸುತ್ತಿದ್ದೆ. ಅವನು ಮಲಗಿದಲ್ಲಿಂದಲೇ ಕಿಟಕಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆ ನೋಡಿ, "ಅದ್ ನಿಂತಿತ್ ಅಕ್ಕ, ಯಾರೋ ಮೇಲೆ ಹತ್ತಿದ್ರ್" ಅನ್ನುತ್ತಿದ್ದ. ಒಂದು ಬೆಳಿಗ್ಗೆ ಚಿಕಿತ್ಸೆಯ ಕೋಣೆಯಲ್ಲಿ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ನಾನು ನೋಡಲಿಲ್ಲ, ಹೊರಗೆ ಗಾಡಿ ತಿರುಗಿಸುತ್ತಿದ್ದೆ. ಮುಂದಿನ ಸಲ ನನಗಾಗಿ ಮತ್ತೆ ಅಲ್ಲಾಡಿಸಿದ. ಗಂಗಮ್ಮ ಅವತ್ತು ನಮ್ಮ ಬಾಗಿಲಿಗೆ ಹೋಳಿಗೆ ತಂದು ಇಟ್ಟು, "ತಿನ್ನಪ್ಪ, ನಮ್ ಬೆಕ್ಕಿಗೂ ಒಂದು ಕೊಡು" ಅಂದರು.

ಗಾಡಿ ಎಡಕ್ಕೆ ಎಳೆಯುತ್ತಿತ್ತು. ಮೊದಲ ದಿನವೇ ಕೈಗೆ ಗೊತ್ತಾಗಿತ್ತು. ಆದರೆ ಈ ಊರಿನ ಗಾಳಿ ನಮ್ಮ ಗಾಳಿಯಂತಲ್ಲ. ನಮ್ಮದು ಸಮುದ್ರದಿಂದ ಬಂದು ಮೈಗೆ ಅಂಟುತ್ತದೆ. ಇಲ್ಲಿಯದು ಗುಡ್ಡಗಳ ನಡುವಿನಿಂದ ನುಗ್ಗಿ ತಳ್ಳುತ್ತದೆ. ಅದನ್ನು ಹಿಡಿಯುವುದಕ್ಕೆಂದೇ ಅಷ್ಟು ಯಂತ್ರ ನೆಟ್ಟಿದ್ದಾರೆ. ಎತ್ತರದ ಗಾಡಿ, ಗಾಳಿಗೆ ವಾಲುತ್ತದೆ ಎಂದುಕೊಂಡು ಸ್ಟೇರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದೇ ಓಡಿಸಿದೆ. ಇಲ್ಲಿಯ ಗಾಳಿಗೆ ಕಾರು ಕೂಡ ನೆಟ್ಟಗೆ ಹೋಗುವುದಿಲ್ಲ ಎಂದು ನಿಮಗೂ ಹೇಳಿದ್ದೆ. ನೀವು ನಕ್ಕಿದ್ದಿರಿ. ಹಿಂದೆ ಮಲಗಿದ್ದವನಿಗೆ ಮಾತ್ರ ಮೈಯೆಲ್ಲ ದಾರಿಯುದ್ದಕ್ಕೂ ಒಂದೇ ಬದಿಗೆ ಜಾರುತ್ತಿತ್ತು. "ಸೊಂಟ ತಿರುಚಿದಾಂಗ್ ಆತ್ತ್" ಎಂದು ಅವನು ಎರಡು ಮೂರು ಸಲ ಹೇಳಿದ್ದ. ಇನ್ನೊಂದು ದಿಂಬು ಕೊಟ್ಟೆ.

ಹಿಂದಿನ ಟೈರು ಒಳಗಡೆಯ ಅಂಚಿನಲ್ಲಿ ಮಾತ್ರ ಬೋಳಾದಾಗ ಗಾಡಿಯನ್ನು ಇಲಿಯಾಸ್ ಭಾಯಿಯ ಹತ್ತಿರ ಒಯ್ದೆ. ಚಿಕಿತ್ಸೆಯಿಂದ ಬರುವ ದಾರಿ. ಸುಧಾಕರ ಹಿಂದೆ ಮಲಗಿಯೇ ಇದ್ದ.

"ಗಾಳಿಗೆ ಇಷ್ಟೊಂದು ಸವೆಯುತ್ತದಾ ಭಾಯಿ?" ಅಂದೆ.

"ಗಾಳೀನಾ?" ಅವರು ನಗಲು ಹೊರಟು ನನ್ನ ಮುಖ ನೋಡಿ ನಿಲ್ಲಿಸಿದರು. "ಅಕ್ಕಾ, ಚಾಸಿ ತಿರುಚಿರೋ ಗಾಡಿ ಎಳೀದೆ ಏನ್ ಮಾಡ್ತೈತೆ? ಐಮಂಗಲದ ಹತ್ರ ಲಾರಿಗೆ ಬಡಿದಿತ್ತಲ್ಲ."

"ಯಾವಾಗ?"

"ನಿಮಗೆ ಗೊತ್ತಿಲ್ವಾ?"

ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಅದು ತಿರುಚಿದರೆ ಚಕ್ರಗಳು ಒಂದೇ ಗೆರೆಯಲ್ಲಿ ಓಡುವುದಿಲ್ಲ. ಅವರು ಎಡಗಡೆಯ ರಬ್ಬರ್ ಪಟ್ಟಿ ಎತ್ತಿ ಬಣ್ಣ ತೋರಿಸಿದರು. ಅದು ತುಕ್ಕು ಹೆರೆದು ಬಳಿದದ್ದಲ್ಲವಾ ಅಂದೆ. ಅಂದರೆ ನಾನು ಮೊದಲೇ ನೋಡಿದ್ದೆನೋ ಏನೋ. ನಮ್ಮಲ್ಲಿ ಹೊಸ ಬಣ್ಣವೆಂದರೆ ಮಾಲೀಕ ಜೋಪಾನ ಮಾಡಿದ್ದಾನೆ ಎಂದೇ ಲೆಕ್ಕ.

"ಇಲ್ಲಿ ತುಕ್ಕು ಎಲ್ಲೈತೆ ಅಕ್ಕಾ? ಇಲ್ಲಿ ಬಣ್ಣ ಬಳೀತಾರೆ ಅಂದ್ರೆ ಏಟು ಬಿದ್ದೈತೆ ಅಂತ. ಅವತ್ತು ನಂಗೂ ಅನುಮಾನ ಬಂತು. ಎಲ್ಲ ನೋಡಾದ್ಮೇಲೆ ನಿಮ್ ಮುಂದೇನೇ ಯಜಮಾನ್ರನ್ನ ಕೇಳಾಣ ಅಂತಿದ್ದೆ. ಅಷ್ಟರಾಗೆ ನೀವು ಎಲೆ ತಗಂಡ್ಬಿಟ್ರಿ."

"ಎಲೆ ತೆಗೆದುಕೊಂಡರೆ?"

"ಎಲೆ ತಗಂಡ್ರೆ ವ್ಯಾಪಾರ ಆತು ಅಂತ. ಆಮೇಲೆ ವಸ್ತೂಗೆ ಕೆಟ್ಟ ಮಾತು ಆಡಂಗಿಲ್ಲ. ಆಡಿದ್ರೆ ತಗಂಡೋರಿಗೇ ಶಾಪ ಹಾಕಿದಂಗೆ. ದನದ ವ್ಯಾಪಾರದಾಗೂ ಅಷ್ಟೇ. ಅದಕ್ಕೇ ಎಲ್ರೂ ಕೇಳೋದೆಲ್ಲ ಕೇಳಿ, ಕೊನೆಗೆ ತಟ್ಟೆಗೆ ಕೈ ಹಾಕ್ತಾರೆ. ಐಮಂಗಲದ್ದು ನಂಗೆ ಆಮೇಲೆ ತಿಳೀತು. ನೀವು ತಿಳಿದೇ ತಗಂಡಿದ್ದೀರಿ, ಅದಕ್ಕೇ ಕಡಿಮೆಗೆ ಬಂತು ಅಂದ್ಕಂಡೆ."

ಹಿಂದಿನಿಂದ ಸುಧಾಕರ ಕೂಗಿದ: "ಭಾಯಿ, ಇದ್ರೊಳಗೆ ಯಾರಾದ್ರೂ ಸತ್ತಿದ್ರಾ?"

ಇಲಿಯಾಸ್ ಭಾಯಿ ಕೈ ಒರೆಸಿಕೊಂಡರು.

ಅಲ್ಲಿಂದ ಸೀದಾ ಬಾಗೂರಿಗೆ ಹೋದೆವು. ದಾರಿಯಲ್ಲಿ ನಾನು ಆಡಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ, ಪೊಲೀಸು, ವಕೀಲ ಎಂದೆಲ್ಲ. ರುದ್ರಪ್ಪನವರು ಅಂಗಳದಲ್ಲಿ ಕಾಯಿ ಎಣಿಸುತ್ತ ಕೂತಿದ್ದರು. ಗಾಡಿ ಬಂದದ್ದು ನೋಡಿ ಎದ್ದರು. ಆ ಕ್ಷಣದಲ್ಲೇ ಬಾಗಿಲಿಗೆ ಒಬ್ಬ ಗಂಡಸು ಬಂದ, ನಮ್ಮ ಸುಧಾಕರನ ವಯಸ್ಸು. ಗಾಡಿಯನ್ನು ನೋಡಿದ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

"ಏಟು ಬಿದ್ದ ಗಾಡಿ ಎಂದು ಯಾಕೆ ಹೇಳಲಿಲ್ಲ?" ಅಂದೆ. ಜೋಡಿಸಿಕೊಂಡ ಮಾತುಗಳಲ್ಲಿ ಇಷ್ಟೇ ಹೊರಗೆ ಬಂತು.

"ನೀವು ಕೇಳ್ಲಿಲ್ಲ ಕಣಮ್ಮ. ಕೇಳಿದ್ರೆ ಸುಳ್ಳು ಹೇಳ್ತಿರ್ಲಿಲ್ಲ. ಕೇಳ್ತೀರಿ ಅಂತ ಕಾಯ್ತಿದ್ದೆ. ಎಲೆ ತಗಂಡ್ರಿ. ನನಗೇನು, ತಿಳಿದಿದ್ದೂ ದೊಡ್ಡ ಮನಸು ಮಾಡಿದ್ರು ಅಂದ್ಕಂಡೆ." ಅವರು ಮುಚ್ಚಿದ ಬಾಗಿಲ ಕಡೆ ನೋಡಿದರು. "ಮಗ ಓಡಿಸ್ತಿದ್ದ. ಹಿಂದೆ ಕೂತಿದ್ದ ಸೊಸೆ ಅಲ್ಲೇ ಹೋದ್ಲು. ಮನೆ ಮುಂದೆ ಅದು ನಿಂತಷ್ಟು ದಿನ ಅವ್ನು ಹೊಸ್ಲು ದಾಟಲಿಲ್ಲ."

ಮಾತಾಡುತ್ತಲೇ ಅವರು ಗಾಡಿಯ ಹಿಂದಕ್ಕೆ ಬಂದರು. ಗಾಳಿಯಾಡಲಿ ಎಂದು ಬಾಗಿಲು ತೆರೆದಿದ್ದೆ. ಬೆಲ್ಟಿನಲ್ಲಿ ಬಿಗಿದು ಮಲಗಿದ್ದ ಸುಧಾಕರನನ್ನು ಅವರು ನೋಡಿದ್ದು ಅದೇ ಮೊದಲು.

"ಇಲ್ಲೇ ಮಲಗಿಸ್ಕಂಡು ಹೋಗ್ತೀರಾ?"

"ಹೌದು."

"ಇಲ್ಲೇನಾ?"

ಅವರು ಬಾಗಿಲ ಅಂಚು ಹಿಡಿದುಕೊಂಡರು. ಆಮೇಲೆ ಅಂದರು: "ಕೊಟ್ಟು ಹೋಗ್ರಿ. ಕೊಟ್ಟಿದ್ದು ಪೂರ್ತಿ ವಾಪಸ್ ಕೊಡ್ತೀನಿ, ಒಂದು ಪೈಸಾ ಹಿಡಿಯಲ್ಲ. ಇಲ್ಲಿ ನಿಲ್ಸಲ್ಲ, ಗುಜರಿಗೆ ಹಾಕ್ತೀನಿ. ಎಲೆ ತಗಂಡ ವ್ಯಾಪಾರ ಹಿಂದಕ್ಕೆ ತಿರುಗ್ಸಬಾರ್ದು. ಆದ್ರೂ ತಿರುಗ್ಸಾಣ."

ಇದಕ್ಕಿಂತ ನ್ಯಾಯವಾದ ಮಾತು ಯಾರು ಆಡುತ್ತಾರೆ? ನಾನು ಜಗಳಕ್ಕೆ ಬಂದವಳು. ಜಗಳ ಅಲ್ಲಿ ಸಿಗಲಿಲ್ಲ. ಗಾಡಿ ಕೊಟ್ಟರೆ ಇನ್ನೊಂದು ಸಿಗುವವರೆಗೆ ಚಿಕಿತ್ಸೆಗೆ ಹೋಗುವುದು ಹೇಗೆ? ಹೆಬ್ಬೆರಳು ಆಗಷ್ಟೇ ಅಲ್ಲಾಡಲು ಕಲಿತಿತ್ತು. ನಡುವೆ ಬಿಡಬೇಡಿ ಎಂದು ಡಾಕ್ಟರು ಬರೆದೇ ಕೊಟ್ಟಿದ್ದರು. ಇಟ್ಟುಕೊಂಡರೆ, ತಿರುಚಿದ ಗಾಡಿಯಲ್ಲಿ ತಿರುಚಿದ ಬೆನ್ನನ್ನು ಹೊತ್ತುಕೊಂಡು ಓಡಾಡಬೇಕು, ಒಬ್ಬ ಹೆಣ್ಣುಮಗಳು ಉಸಿರು ಬಿಟ್ಟ ಜಾಗದಲ್ಲಿ. ನಾನು ಸುಧಾಕರನ ಕಡೆ ನೋಡಿದೆ. ಅವನು ಗಾಡಿಯ ಛಾವಣಿ ನೋಡುತ್ತಿದ್ದ. ಇದೇ ಛಾವಣಿಯನ್ನು ಅವಳೂ ನೋಡಿರಬಹುದು ಎಂದು ಅವನಿಗೂ ಹೊಳೆದಿತ್ತೋ ಏನೋ. ನಾವು ಈ ಬಗ್ಗೆ ಇವತ್ತಿನವರೆಗೂ ಮಾತಾಡಿಲ್ಲ.

"ಹೋಪ ಅಕ್ಕ" ಅಂದ. ಹೋಗೋಣ ಅಂತ.

"ಗಾಡಿ ಕೊಟ್ಟು ಹೋಪುದಾ?"

"ಈ ಗಾಡಿಯಲ್ಲೇ ಹೋಪುದ್. ನಾಡಿದ್ ಕಾಲಿನ ಕ್ಲಾಸ್ ಇತ್ತಲೆ."

ರುದ್ರಪ್ಪನವರ ಹೆಂಡತಿ ಒಳಗಿಂದ ಒಂದು ಹಳೆಯ ಸೀರೆಯನ್ನು ಮಡಚಿ ತಂದು, ಕೇಳದೆಯೇ ಅವನ ಸೊಂಟದ ಕೆಳಗೆ ತೂರಿಸಿದರು. ಮೆತ್ತಗಿರಲಿ ಎಂದು. ನನ್ನ ಮುಖ ನೋಡಲಿಲ್ಲ. ಯಾರ ಸೀರೆ ಎಂದು ನಾನೂ ಕೇಳಲಿಲ್ಲ.

ಇಲಿಯಾಸ್ ಭಾಯಿ ಚಾಸಿಯನ್ನು ಎಳೆಸಿ ನೆಟ್ಟಗೆ ಮಾಡಿಸಿದರು. ರಿಪೇರಿಗೆಂದು ಎತ್ತಿಟ್ಟದ್ದೆಲ್ಲ ಅಲ್ಲಿಗೆ ಮುಗಿಯಿತು. "ನೆಟ್ಟಗೆ ಆಗೈತೆ. ಆದ್ರೆ ಕಂಪ್ನಿಯಿಂದ ಬಂದಂಗೆ ಆಗಲ್ಲ ಅಕ್ಕಾ" ಅಂದರು. "ನಂಗೂ ಡಾಕ್ಟ್ರು ಅದನ್ನೇ ಹೇಳಿದ್ರ್ ಭಾಯಿ" ಎಂದು ಸುಧಾಕರ ನಕ್ಕ. ಅವರು ನಗಲಿಲ್ಲ. ಕೆಲಸಕ್ಕೆ ಹಿಡಿದ ದಿನಗಳಲ್ಲಿ ಚಿಕಿತ್ಸೆ ತಪ್ಪಿತು. ಎಷ್ಟು ಸಲ ಎಂಬುದರಲ್ಲಿ ಅವನಿಗೂ ನನಗೂ ಒಮ್ಮತವಿಲ್ಲ.

ಅದಾದ ಮೇಲೆ ಹೆಬ್ಬೆರಳು ಅಲ್ಲಾಡಿಲ್ಲ.

ಮೊದಲು, ಸುಸ್ತಾಗಿದೆ ಎಂದರು ಡಾಕ್ಟರು. ಮತ್ತೆ ಬೆನ್ನಿನ ಎಕ್ಸ್‌ರೇ ಫಿಲ್ಮು ತೆಗೆಸಿದರು. ಹೊಸದಾಗಿ ಏನೂ ಮುರಿದದ್ದು ಕಾಣಲಿಲ್ಲ. ಗಾಡಿಯ ವಿಷಯವನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅಷ್ಟು ತಿಂಗಳು ಮೈ ಒಂದೇ ಬದಿಗೆ ಜಾರಿದ್ದರಿಂದ ಹೀಗಾಯಿತೇ ಎಂದು ಕೇಳಿದೆ. ಇರಬಹುದು ಅಂದರು. ನಡುವೆ ಬಿಟ್ಟದ್ದರಿಂದಲೇ? ಅದೂ ಇರಬಹುದು. ಅಥವಾ ಆ ನರದ ಶಕ್ತಿ ಇದ್ದದ್ದೇ ಅಷ್ಟು, ಬೆರಳೊಂದನ್ನು ಕೆಲವು ವಾರ ಅಲ್ಲಾಡಿಸುವಷ್ಟು. ಇದರಲ್ಲಿ ಯಾವುದು ಎಂದು ಹೇಳುವ ಪರೀಕ್ಷೆ ಇಲ್ಲವಂತೆ. ಬರುತ್ತಿರಿ ಅಂದರು. ನಾವು ಹೋಗುತ್ತಿದ್ದೇವೆ. ಅದೇ ಗಾಡಿ.

ಊರಿಗೆ ಯಾವಾಗ ಬಪ್ಪುದು ಎಂದು ನೀವು ಕೇಳುತ್ತೀರಿ. ಇಲ್ಲಿ ಯಾರು ಕೇಳಿದರೂ ನನ್ನೂರು ಕುಂದಾಪುರ ಎಂದೇ ಹೇಳುತ್ತೇನೆ. ಆದರೆ ಮೊನ್ನೆ ಫೋನಿನಲ್ಲಿ ಎಲ್ಲಿದ್ದೀಯ ಎಂದು ನೀವು ಕೇಳಿದಾಗ "ಮನೆಯಲ್ಲಿ" ಎಂದೆ. ಹೇಳಿದ್ದು ಗಂಗಮ್ಮನ ಅರ್ಧ ಮನೆಯ ವಿಷಯ. ನೀವು ಅದನ್ನು ಗಮನಿಸಿದಿರೋ ಇಲ್ಲವೋ. ಡ್ರೈವಿಂಗ್ ಶಾಲೆಯವರು ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ, ಅದು ಸರಿಯೇ. ಗಂಗಮ್ಮನ ಮಗಳಿಗೆ ಗಾಡಿ ಕಲಿಸುತ್ತಿದ್ದೇನೆ; ಅವಳ ನಂತರ ಓಣಿಯ ಇನ್ನಿಬ್ಬರು ಹೆಂಗಸರು ಕೇಳಿದ್ದಾರೆ. ಇದು ಬೇರು ಬಿಡುವುದೋ, ದಿನ ದೂಡುವುದೋ, ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಇರುತ್ತವೆ.

ತಮ್ಮನ ಕಾಲು ಮತ್ತೆ ಅಲ್ಲಾಡದೆ ಹೋದದ್ದು ಆ ಗಾಡಿಯಿಂದಲೋ ಅಲ್ಲವೋ ನನಗೆ ಗೊತ್ತಿಲ್ಲ. ಅವನು ಇನ್ನೊಮ್ಮೆ ನಡೆಯುತ್ತಾನೆಯೇ, ನಡೆದರೆ ನಾವು ಯಾವ ಊರಿನಲ್ಲಿರುತ್ತೇವೆ, ಅದೂ ಗೊತ್ತಿಲ್ಲ.